ಇನ್ನೊಬ್ಬನ ಹೆಸರಿನ ಕಬಡ್ಡಿ

ನಾನು ಕಬಡ್ಡಿಯಲ್ಲಿ ಗೆದ್ದ ಸರ್ಟಿಫಿಕೇಟುಗಳ ಪೈಕಿ ಬೆಲೆಯಿರುವುದೆಲ್ಲ ಇನ್ನೊಬ್ಬನ ಹೆಸರಿನಲ್ಲಿದೆ. ಇದನ್ನು ಹೇಳಿದರೆ ಜನ ಮೊದಲು ನಗುತ್ತಾರೆ. ಆಮೇಲೆ, ನಿನಗೆ ಮೋಸವಾಗಿದೆ ಅನ್ನುತ್ತಾರೆ. ಇನ್ನೂ ಸ್ವಲ್ಪ ಹೊತ್ತು ಯೋಚನೆ ಮಾಡಿದವರು, ಮೋಸ ಮಾಡಿದವನು ನೀನೇ ಅನ್ನುತ್ತಾರೆ. ಮೂರು ಸಲವೂ ನಾನು ಹೌದು ಅಂತ ತಲೆಯಾಡಿಸುತ್ತೇನೆ. ನನ್ನ ಹೆಂಡತಿಗೆ ಸಿಟ್ಟು ಬರುವುದೇ ಈ ತಲೆಯಾಡಿಸುವುದಕ್ಕೆ. ಏನು ಮಾಡುವುದು, ತೊಂಬತ್ತರ ದಶಕದ ಮುಕ್ಕಾಲು ಪಾಲನ್ನು ನಾನು ಕಳೆದದ್ದೇ ಈ ಗೊಂದಲದಲ್ಲಿ. ಬರೆಯಲು ಕೂತರೆ ಬಗೆಹರಿಯುತ್ತದೆ ಅಂದುಕೊಂಡಿದ್ದೆ. ಮೊದಲ ಪುಟದಲ್ಲೇ ಅನುಮಾನ ಶುರುವಾಗಿದೆ.

ನಮ್ಮೂರು ಪಾಂಡವಪುರಕ್ಕೆ ಸೈಕಲ್ ತುಳಿಯುವಷ್ಟು ದೂರ. ಅಪ್ಪನಿಗೆ ನಾಲೆ ನೀರಿನ ಗದ್ದೆ, ಒಂದಿಷ್ಟು ಕಬ್ಬು, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ಬೆಳಿಗ್ಗೆ ಡೈರಿಗೆ ಹಾಲು ಹಾಕುವುದು ನನ್ನ ಕೆಲಸ, ಸಂಜೆ ಶಾಲೆಯ ಬಯಲಿನಲ್ಲಿ ಕಬಡ್ಡಿ ಆಡುವುದು ನನ್ನ ಬದುಕು. ನಾನು ರೈಡರ್. ಎದುರಾಳಿಗಳ ಅಂಕಣಕ್ಕೆ ಉಸಿರು ಹಿಡಿದು ನುಗ್ಗಿ, ಯಾರೂ ಸಿಗಲಿಲ್ಲವೆಂದು ವಾಪಸು ಹೊರಟವನ ಹಾಗೆ ಬೆನ್ನು ತಿರುಗಿಸುತ್ತಿದ್ದೆ. ಹಿಡಿಯಲು ಒಬ್ಬ ಮುಂದೆ ಬರುತ್ತಿದ್ದ. ಆಗ ನೋಡದೆಯೇ ಎಡಗಾಲನ್ನು ಹಿಂದಕ್ಕೆ ಬೀಸಿದರೆ ಹೆಬ್ಬೆರಳು ಅವನ ಎದೆಗೋ ತೊಡೆಗೋ ತಾಗುತ್ತಿತ್ತು. ಅವನು ಔಟಾಗಿ ಹೊರಗೆ ನಡೆಯುವ ಹೊತ್ತಿಗೆ ನಾನು ಗೆರೆ ದಾಟಿರುತ್ತಿದ್ದೆ. ಜನ ಇದಕ್ಕೆ ಕತ್ತೆ ಒದೆ ಅಂತ ಹೆಸರಿಟ್ಟಿದ್ದರು, ಅದು ಹೊಗಳಿಕೆಯೇ ಅಂತ ನಾನು ತಿಳಿದುಕೊಂಡಿದ್ದೆ.

ಕಾಲು ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ ಚುರುಕು. ನಮ್ಮ ತಾಲ್ಲೂಕಿನ ತಂಡ ಆರಿಸಿದ ದಿನ ನನ್ನನ್ನು ಬದಲಿ ಆಟಗಾರರ ಜೊತೆ ಕೂರಿಸಿದರು. ಆರಿಸಿದವರ ಅಣ್ಣನ ಮಗ ನನ್ನ ಜಾಗದಲ್ಲಿ ನಿಂತಿದ್ದ. ನಾನು ತಂಡದ ಬನಿಯನ್ ಬಿಚ್ಚಿ ಆ ಯಜಮಾನರ ಮುಖದ ಮೇಲೆ ಎಸೆದೆ. ಜೊತೆಗೆ ಇಲ್ಲಿ ಬರೆಯಲಾಗದ ಎರಡು ಮಾತೂ ಆಡಿದೆ. ಅವರು ಬನಿಯನ್ನನ್ನು ನೀಟಾಗಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು. ಅವರು ಇರುವವರೆಗೂ ಪಾಂಡವಪುರದ ತಂಡದಲ್ಲಿ ನನಗೆ ಜಾಗವಿಲ್ಲ ಅಂತ ಆ ಮಡಿಸುವಿಕೆಯಲ್ಲೇ ಗೊತ್ತಾಯಿತು.

ಅದಾದ ಹದಿನೈದು ದಿನಕ್ಕೆ ಕೆ.ಆರ್. ಪೇಟೆ ಕಡೆಯ ಒಬ್ಬ ಪಿ.ಟಿ. ಮೇಷ್ಟ್ರು ಸ್ಕೂಟರಿನಲ್ಲಿ ನಮ್ಮ ಮನೆಗೆ ಬಂದರು. ಅವರು ಅಲ್ಲಿನ ಒಂದು ಯುವಕ ಸಂಘದ ತಂಡ ನೋಡಿಕೊಳ್ಳುತ್ತಿದ್ದರು. ಸರ್ಕಾರಿ ಕ್ರೀಡಾಕೂಟದಲ್ಲಿ ಸಂಘದ ತಂಡದಲ್ಲಿ ಆಡುವವರು ಅದೇ ತಾಲ್ಲೂಕಿನವರಾಗಿರಬೇಕು, ಹೆಸರಿನ ಪಟ್ಟಿಯನ್ನು ಮೊದಲೇ ಕೊಟ್ಟಿರಬೇಕು. ಪಟ್ಟಿಯಲ್ಲಿದ್ದ ಸಂತೆಬಾಚಹಳ್ಳಿಯ ಒಬ್ಬ ಎತ್ತಿನ ಗಾಡಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದ. ಹೀಗಾದಾಗ ನಮ್ಮ ಕಡೆ ಎಲ್ಲ ತಂಡದವರೂ ಮಾಡುತ್ತಿದ್ದುದನ್ನೇ ಮೇಷ್ಟ್ರೂ ಮಾಡಿದರು. ಹೆಸರು ಹಾಗೇ ಇರಲಿ, ಆಳು ಬದಲಾಗಲಿ ಅಂತ. ಸರ್ಟಿಫಿಕೇಟಿನಲ್ಲಿ ಫೋಟೋ ಅಂಟಿಸದಿದ್ದ ಕಾಲ ಅದು.

"ಲಿಸ್ಟು ಕೊಟ್ಟಾಗದೆ ಕಣ್ಲಾ. ಎಸ್ರು ತೆಗ್ಯಂಗಿಲ್ಲ, ಸೇರ್ಸಂಗಿಲ್ಲ. ನೀನು ಅವನಾಗ್ಬುಡು, ಅಷ್ಟೇಯ," ಅಂದರು ಮೇಷ್ಟ್ರು.

ಅವನಾದೆ. ಅವನ ಹೆಸರು, ಅವನ ಅಪ್ಪನ ಹೆಸರು, ಹುಟ್ಟಿದ ತಿಂಗಳು, ಊರು, ಹೋಬಳಿ ಎಲ್ಲವನ್ನೂ ಮೇಷ್ಟ್ರು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದರು. ಮೊದಮೊದಲು ಮೈಕಿನಲ್ಲಿ ಆ ಹೆಸರು ಕೂಗಿದಾಗ ನಾನು ಯಾರನ್ನೋ ಹುಡುಕುವವನ ಹಾಗೆ ಸುತ್ತಲೂ ನೋಡುತ್ತಿದ್ದೆ. ಒಂದು ಸಲವಂತೂ ಅವನು ಒಳ್ಳೆಯ ಪಾಯಿಂಟು ತಂದನೆಂದು ಜನರ ಜೊತೆ ನಾನೂ ಚಪ್ಪಾಳೆ ತಟ್ಟಿ ಮೇಷ್ಟ್ರಿಂದ ಬೈಸಿಕೊಂಡೆ. ಎರಡನೇ ವರ್ಷದ ಹೊತ್ತಿಗೆ ಅದು ತಿರುವುಮುರುವಾಯಿತು. ಮನೆಯಲ್ಲಿ ಅವ್ವ ನನ್ನ ಹೆಸರು ಹಿಡಿದು ಕರೆದರೆ ಎರಡನೇ ಕೂಗಿಗೆ ಓಗೊಡುತ್ತಿದ್ದೆ.

ಈಗ ಆ ಹೆಸರಿನ ಯಜಮಾನನ ವಿಚಾರ ಹೇಳಬೇಕು. ಕೈಗೆ ಪಟ್ಟು ಕಟ್ಟಿಕೊಂಡೇ ಅವನು ನನ್ನ ಮೊದಲ ಪಂದ್ಯ ನೋಡಲು ಬಂದಿದ್ದ. ಕುಳ್ಳು ಆಳು, ಗುಂಡು ಮುಖ, ಸದಾ ಬಾಯಲ್ಲಿ ಎಲೆಅಡಿಕೆ. ನಾನು ಪಾಯಿಂಟು ತಂದಾಗಲೆಲ್ಲ ಅವನು ತನ್ನದೇ ಹೆಸರು ಹಿಡಿದು ಜೈಕಾರ ಹಾಕುತ್ತಿದ್ದ. ಪಂದ್ಯ ಮುಗಿದ ಮೇಲೆ ನನ್ನ ಕಾಲಿಗೆ ಎಣ್ಣೆ ತಿಕ್ಕಲು ಅವನೇ ಕೂತ, ಒಂದೇ ಕೈಯಲ್ಲಿ. ಅವತ್ತಿನಿಂದ ನಾವು ಗೆಳೆಯರು.

ಎರಡು ತಿಂಗಳಿಗೆ ಅವನ ಮಣಿಕಟ್ಟು ಕೂಡಿತು. ಕೂಡಿದ್ದೇ ತೊಂದರೆಯಾಯಿತು. ಅವನೂ ಕಬಡ್ಡಿ ಆಡುವವನೇ, ನನ್ನಷ್ಟಲ್ಲದಿದ್ದರೂ ಕೆಟ್ಟ ಕ್ಯಾಚರ್ ಏನಲ್ಲ. ಆದರೆ ಅವನ ಹೆಸರಿನಲ್ಲಿ ನಾನಿದ್ದೆ. ತಾಲ್ಲೂಕು ಗೆದ್ದು ಜಿಲ್ಲೆಗೆ ಹೋಗಿದ್ದ ತಂಡದಲ್ಲಿ ಒಂದೇ ಹೆಸರಿನ ಇಬ್ಬರು ನಿಲ್ಲುವಂತಿರಲಿಲ್ಲ, ನನ್ನನ್ನು ತೆಗೆದರೆ ತಂಡ ಗೆಲ್ಲುವಂತಿರಲಿಲ್ಲ. ನೀನು ಆಡು, ನಾನು ಕೂರ್ತೀನಿ ಅಂದ. ಹಾಗೆ ಅಂದು ನಾಲ್ಕು ವರ್ಷ ಗೆರೆಯಾಚೆ ನನ್ನ ಅಂಗಿ, ಚಪ್ಪಲಿ ಹಿಡಿದು ಕೂತ. ಆಗ ನನಗೆ ಇದು ದೊಡ್ಡ ವಿಷಯ ಅನ್ನಿಸಲಿಲ್ಲ. ಅವನ ಹೆಸರಿನಲ್ಲಿ ಆಡಿ ಉಪಕಾರ ಮಾಡುತ್ತಿರುವವನು ನಾನೇ ಅಂತ ತಿಳಿದಿದ್ದೆ.

ನಾಗಮಂಗಲದಲ್ಲಿ ನಡೆದ ಜಿಲ್ಲಾ ಫೈನಲ್ ನನ್ನ ಆಟದ ತುದಿ. ಬಿಸಿಲಿಗೆ ನೆಲ ಕಾದಿತ್ತು, ಜನ ಗೋಡೆ, ಮರ, ಲಾರಿಯ ಮೇಲೆಲ್ಲ ಹತ್ತಿ ಕೂತಿದ್ದರು. ಕೊನೆಯಲ್ಲಿ ನಮ್ಮ ಕಡೆ ನಾನೊಬ್ಬನೇ ಉಳಿದಿದ್ದೆ, ಆ ಕಡೆ ನಾಲ್ವರು. ಏನು ಮಾಡಿದೆನೋ ನನಗೆ ಸರಿಯಾಗಿ ನೆನಪಿಲ್ಲ. ಉಸಿರು, ಧೂಳು, ಯಾರದೋ ಕೈ ಸೊಂಟಕ್ಕೆ ಬಿದ್ದದ್ದು, ಆಮೇಲೆ ಗೆರೆ. ಎದ್ದು ನೋಡುವಷ್ಟರಲ್ಲಿ ಜನ ನನ್ನನ್ನು ಹೆಗಲ ಮೇಲೆ ಎತ್ತಿಕೊಂಡು ಇನ್ನೊಬ್ಬನ ಹೆಸರು ಕೂಗುತ್ತಿದ್ದರು. ಕೆಳಗೆ ಆ ಇನ್ನೊಬ್ಬನೂ ಕೂಗುತ್ತಿದ್ದ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆ ವರ್ಷ ರಾಜ್ಯಮಟ್ಟದಲ್ಲಿ ನಮ್ಮ ತಂಡ ಎರಡನೆಯದಾಗಿ ಬಂತು. ಕೊಟ್ಟ ಸರ್ಟಿಫಿಕೇಟನ್ನು ನಾನು ಅಲ್ಲೇ ವೇದಿಕೆಯ ಪಕ್ಕದಲ್ಲಿ ಅವನ ಕೈಗಿಟ್ಟೆ. ಅವನ ಹೆಸರಿನ ಕಾಗದ ನನ್ನ ಮನೆಯಲ್ಲಿದ್ದು ಏನು ಮಾಡಬೇಕು? ಗೆದ್ದಲು ತಿನ್ನಬೇಕು. ಹಾಗಂತ ನಾನೇ ಹೇಳಿದ್ದೆ, ಮೇಷ್ಟ್ರು ಸಾಕ್ಷಿ.

ಮಾರನೆಯ ವರ್ಷ ಹೆಣ್ಣು ನೋಡಲು ಅದೇ ನಾಗಮಂಗಲದ ಕಡೆಗೆ ಹೋದೆವು. ಹುಡುಗಿಯ ಅಣ್ಣ ಮೊದಲ ಲೋಟ ಕಾಫಿಯಿಂದಲೇ ನನ್ನನ್ನು ದಿಟ್ಟಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಒಳಗೆ ಹೋಗಿ ತನ್ನ ಅಪ್ಪನ ಕಿವಿಯಲ್ಲಿ ಏನೋ ಊದಿದ. ಅಪ್ಪ ಹೊರಗೆ ಬಂದು, ತಾಂಬೂಲದ ತಟ್ಟೆಯನ್ನು ಕಾಲಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ ಕೂತರು. ಗಂಡು ಸಂತೆಬಾಚಹಳ್ಳಿಯವನಂತೆ, ಹೆಸರು ಬೇರೆಯಂತೆ, ಅವನಿಗೆ ಮದುವೆಯಾಗಿ ಕೂಸೂ ಇದೆಯಂತೆ, ಇದೇನು ಸಮಾಚಾರ ಅಂದರು. ಅಣ್ಣ ಫೈನಲ್ ನೋಡಿದ್ದ, ಸಂತೆಬಾಚಹಳ್ಳಿಯಲ್ಲಿ ಅವನಿಗೆ ಪರಿಚಯದವರೂ ಇದ್ದರು. ನಮ್ಮಪ್ಪ ನನ್ನ ಮುಖ ನೋಡಿದರು. ನಾನು ಕಬಡ್ಡಿ ಪಟ್ಟಿಯ ಕಥೆ ಶುರು ಮಾಡಿದೆ. ಹೇಳುತ್ತಾ ಹೇಳುತ್ತಾ ನನಗೇ ಅದು ಸುಳ್ಳಿನ ಹಾಗೆ ಕೇಳಿಸತೊಡಗಿತು.

ಕೊನೆಗೆ ಬೇರೆ ದಾರಿಯಿಲ್ಲದೆ ಸಂತೆಬಾಚಹಳ್ಳಿಯವನನ್ನೇ ಕರೆಸಬೇಕಾಯಿತು. ಹೆಂಡತಿ, ಕೂಸು ಸಮೇತ ಬಸ್ಸು ಹತ್ತಿ ಬಂದ. ಹಜಾರದ ಮಧ್ಯೆ ಕೂತು, ಆ ಹೆಸರಿನವನು ನಾನು, ಈ ಕೂಸು ನಂದು, ಇವನು ಕಬಡ್ಡಿಗಷ್ಟೇ ನಾನಾಗಿದ್ದ ಅಂತ ಹೇಳಿದ. ಹುಡುಗಿಯ ಅಣ್ಣ ಅವನ ಹೊಟ್ಟೆಯನ್ನೂ ನನ್ನ ಕಾಲನ್ನೂ ಎರಡು ಮೂರು ಸಲ ನೋಡಿ ಒಪ್ಪಿಕೊಂಡ. ಮದುವೆಯಾಯಿತು. ಬಾಸಿಂಗ ಕಟ್ಟುವಾಗ ಅವನು ನನ್ನ ಕಿವಿಯಲ್ಲಿ, "ಇವಾಗ್ಲಾದ್ರೂ ನಿನ್ನೆಸ್ರಲ್ಲೇ ತಾಳಿ ಕಟ್ಲಾ," ಅಂದ. ನನ್ನ ಹೆಂಡತಿಗೆ ಅದು ಕೇಳಿಸಿ ಮದುಮಗಳು ನಗಬಾರದಷ್ಟು ನಕ್ಕಳು.

ಅವಳದೇ ಹಟ, ಒಂದು ಸಲವಾದರೂ ಸ್ವಂತ ಹೆಸರಿನಲ್ಲಿ ಆಡಿ ಅಂತ. ಪಾಲಹಳ್ಳಿಯಲ್ಲಿ ಯಾವ ಊರಿನವರು ಬೇಕಾದರೂ ಆಡಬಹುದಾದ ಒಂದು ಟೂರ್ನಮೆಂಟು ನಡೆಯಿತು. ನನ್ನ ಹೆಸರು ಬರೆಸಿ ಇಳಿದೆ. ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಅದು ಕಿವಿಗೆ ಎಷ್ಟು ಹೊಸದಾಗಿತ್ತೆಂದರೆ ನಾನು ಅರೆಗಳಿಗೆ ತಡವಾಗಿ ಹೊರಟೆ. ಮೂರನೇ ರೈಡಿನಲ್ಲಿ ಎಡಗಾಲು ಬೀಸಿದಾಗ ಇಬ್ಬರು ಕ್ಯಾಚರುಗಳು ಅದನ್ನು ಗಾಳಿಯಲ್ಲೇ ಹಿಡಿದರು, ಮೂರನೆಯವನು ಮೇಲೆ ಬಿದ್ದ. ಮಂಡಿಯೊಳಗೆ ಏನೋ ಕಿತ್ತುಬಂದ ಸದ್ದು ನನಗೆ ಕೇಳಿಸಿತು. ನಾಟಿ ಪಟ್ಟು, ಆಸ್ಪತ್ರೆ ಎಲ್ಲ ಆಯಿತು. ನಡೆಯಬಹುದು, ಗದ್ದೆಗೆ ಇಳಿಯಬಹುದು, ಆದರೆ ಕಬಡ್ಡಿ ಮುಗಿಯಿತು ಅಂದರು. ಆಗ ನನಗೆ ಇನ್ನೂ ಇಪ್ಪತ್ತೇಳು ತುಂಬಿರಲಿಲ್ಲ.

ಮಂಡಿಗೆ ಬಿಸಿ ಉಪ್ಪಿನ ಶಾಖ ಕೊಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದಾಗಲೇ ಆ ಸುದ್ದಿ ಬಂದದ್ದು. ಒಂದು ಸರ್ಕಾರಿ ಇಲಾಖೆಯಲ್ಲಿ ಕ್ರೀಡಾಪಟುಗಳಿಗೆಂದು ಕೆಲವು ಕೆಲಸ ಬಂದಿವೆ, ರಾಜ್ಯಮಟ್ಟದಲ್ಲಿ ಆಡಿದ ಸರ್ಟಿಫಿಕೇಟು ಬೇಕು ಅಂತ. ನನಗೆ ಎಷ್ಟು ಖುಷಿಯಾಯಿತೆಂದರೆ, ಕಾಲು ಎಳೆದುಕೊಂಡೇ ಬಸ್ಸು ಹತ್ತಿ ಕೆ.ಆರ್. ಪೇಟೆಗೆ ಹೋಗಿ ಮೇಷ್ಟ್ರ ಮನೆಯ ಬಾಗಿಲು ತಟ್ಟಿದೆ. ನಂಬುವುದು ಕಷ್ಟ, ಆದರೆ ನಿಜ ಹೇಳುತ್ತೇನೆ, ಆ ಸರ್ಟಿಫಿಕೇಟು ನನ್ನದಲ್ಲ ಅನ್ನುವುದು ದಾರಿಯುದ್ದಕ್ಕೂ ನನ್ನ ತಲೆಗೆ ಹೊಳೆಯಲೇ ಇಲ್ಲ. ಆಡಿದ್ದು ನಾನಲ್ಲವೇ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ನಿನ್ನ ಹೆಸರಿನಲ್ಲಿ ಏನಿದೆಯೋ ತೋರಿಸು ಅಂದರು. ಪಾಲಹಳ್ಳಿಯ ಕಾಗದ ತೋರಿಸಿದೆ. ಭಾಗವಹಿಸಿದ್ದಾರೆ ಅಂತ ಇತ್ತು, ಅಷ್ಟೇ. ಸಂತೆಬಾಚಹಳ್ಳಿಯವನು ಹೋದ ವಾರವೇ ಅರ್ಜಿ ಹಾಕಿದ್ದಾನೆ, ನಾನೇ ತುಂಬಿಕೊಟ್ಟೆ ಅಂದರು. ಆಮೇಲೆ ನಾವಿಬ್ಬರೂ ಅವರ ಹೆಂಡತಿ ಕೊಟ್ಟ ಕಾಫಿ ಕುಡಿದೆವು. ನಾನು ಅವರ ಕಾಲಿಗೆ ನಮಸ್ಕಾರ ಬೇರೆ ಮಾಡಿ ಬಂದೆ, ಯಾಕೆ ಮಾಡಿದೆನೋ.

ಕೆಲಸ ಅವನಿಗೇ ಸಿಕ್ಕಿತು. ಒಂದು ಭಾನುವಾರ ಮೈಸೂರುಪಾಕಿನ ಪೊಟ್ಟಣ ಹಿಡಿದುಕೊಂಡು ನಮ್ಮನೆಗೆ ಬಂದ. ಅಡಗಿಸಲಿಲ್ಲ, ಸುತ್ತಿ ಬಳಸಲಿಲ್ಲ. ಬಾಗಿಲಲ್ಲೇ ನಿಂತು ಹೇಳಿಬಿಟ್ಟ.

"ಕಾಲು ನಿಂದು, ಎಸ್ರು ನಂದು. ಕೆಲ್ಸ ಮಾತ್ರ ಒಬ್ಬುನ್ಗೇ ಕೊಡ್ತಾರೆ ಕಣ್ಲಾ. ನಾಕೊರ್ಸ ಗೆರೆಯಾಚೆ ಕೂತಿದ್ನಲ್ಲ, ಅದ್ಕೆ ಬಂತು ಅನ್ಕೋತೀನಿ. ತಪ್ಪಾದ್ರೆ ಬೈದ್ಬುಡು."

ನಾನು ಬೈಯಲಿಲ್ಲ. ಕೈ ಚಾಚಿ ಮೈಸೂರುಪಾಕು ತೆಗೆದುಕೊಂಡು ತಿಂದೆ. ಚೆನ್ನಾಗಿತ್ತು. ಇನ್ನೊಂದು ತಿಂದೆ. ಅವನು ಹೋದ ಮೇಲೆ ಹಿತ್ತಲಿಗೆ ಹೋಗಿ ಗುದ್ದಲಿಯ ಕಾವು ಮುರಿಯುವವರೆಗೂ ಕಲ್ಲಿಗೆ ಬಡಿದೆ. ಸಿಟ್ಟು ಬಂದಿತ್ತು, ಯಾರ ಮೇಲೆ ಅಂತ ಸರಿಯಾಗಿ ಗೊತ್ತಿರಲಿಲ್ಲ. ಅವನ ಮೇಲೆ ಅಂದುಕೊಂಡರೆ, ನನ್ನಿಂದಾಗಿ ಅವನು ತನ್ನ ಆಟ ಬಿಟ್ಟದ್ದು ಅಡ್ಡ ಬರುತ್ತಿತ್ತು. ಮೇಷ್ಟ್ರ ಮೇಲೆ ಅಂದುಕೊಂಡರೆ, ಅವರು ಬರದಿದ್ದರೆ ನಾನು ನಮ್ಮೂರ ಶಾಲೆಯ ಬಯಲು ದಾಟುತ್ತಲೇ ಇರಲಿಲ್ಲ. ನನ್ನ ಮೇಲೆ ಅಂದುಕೊಳ್ಳಲು ನಾನು ಯಾರು ಅನ್ನುವುದು ಮೊದಲು ತೀರ್ಮಾನವಾಗಬೇಕಿತ್ತು. ಹೆಂಡತಿಗೆ ಇಂಥ ತೊಡಕುಗಳಿರಲಿಲ್ಲ. ಅವರ ಮನೆಯ ಕೆಲಸಕ್ಕೆ ನಮ್ಮ ಮನೆಯ ಮಂಡಿ ಹೋಯಿತು ಅಂದು, ಉಳಿದ ಮೈಸೂರುಪಾಕನ್ನು ಹಸುವಿನ ಬಾನಿಗೆ ಸುರಿದಳು.

ಆಮೇಲಿನ ವರ್ಷಗಳು ಹಾಲು, ಕಬ್ಬು, ಮಕ್ಕಳಲ್ಲಿ ಕಳೆದವು. ಕೂದಲು ಉದುರಿತು, ಹೊಟ್ಟೆ ಬಂತು. ಅಪರೂಪಕ್ಕೆ ಸಂತೆಯಲ್ಲೋ ಮದುವೆಯಲ್ಲೋ ಯಾರಾದರೂ ಹಳೆಯ ಆಟ ನೆನೆಸಿಕೊಂಡು ಸಂತೆಬಾಚಹಳ್ಳಿಯ ರೈಡರನ ಗುಣಗಾನ ಮಾಡುತ್ತಿದ್ದರು. ನಾನು ಅದನ್ನು ಕೇಳುತ್ತಾ ಊಟ ಮಾಡುತ್ತಿದ್ದೆ. ಅದು ನಾನೇ ಅಂತ ಒಂದೆರಡು ಸಲ ಹೇಳಿ ನೋಡಿದ್ದೆ. ಹೌದಾ ಅಂತ ನಕ್ಕು, ಕುಡಿದಿದ್ದಾನೇನೋ ಅನ್ನುವ ಹಾಗೆ ಮೂಸಿದ್ದರು.

ದಶಕ ಮುಗಿಯುತ್ತಾ ಬಂದಾಗ ಅವನಿಗೆ ಶ್ರೀರಂಗಪಟ್ಟಣದ ಕಚೇರಿಗೆ ವರ್ಗವಾಯಿತು. ವರ್ಗವಾದ ಮೂರು ತಿಂಗಳಿಗೆ ನಮ್ಮ ಮನೆಗೆ ಬಂದ, ಈ ಸಲ ಬರಿಗೈಯಲ್ಲಿ. ಗುಂಡು ಮುಖ ಇಳಿದು ಹೋಗಿತ್ತು. ಕಚೇರಿಗೆ ಹೊಸ ಸಾಹೇಬರು ಬಂದಿದ್ದಾರೆ, ಅವರಿಗೆ ಕಬಡ್ಡಿ ಅಂದರೆ ಪ್ರಾಣ. ಸರ್ಕಾರಿ ನೌಕರರ ಪಂದ್ಯಕ್ಕೆ ತಂಡ ಕಟ್ಟುತ್ತಿದ್ದಾರೆ. ಕ್ರೀಡಾಪಟು ಅಂತ ಕೆಲಸಕ್ಕೆ ಸೇರಿದವನು ಆಡಲೇಬೇಕು. ಎರಡು ವರ್ಷ ಬೆನ್ನುನೋವು ಅಂತ ಹಿಂದಿನ ಕಚೇರಿಯ ಸಾಹೇಬರ ಹತ್ತಿರ ತಪ್ಪಿಸಿಕೊಂಡದ್ದು ಇವರ ಹತ್ತಿರ ನಡೆಯುವುದಿಲ್ಲ. ಇದಿಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಆ ಸಾಹೇಬರು ಕಾಲೇಜು ಓದುತ್ತಿದ್ದಾಗ ನಾಗಮಂಗಲದ ಫೈನಲ್ ನೋಡಿದ್ದರು. ನಾಲ್ವರನ್ನು ಒದ್ದು ಬಂದ ಮಹರಾಯ ನೀವೇ ಏನ್ರೀ ಅಂತ ಕಚೇರಿಯಲ್ಲಿ ಎಲ್ಲರೆದುರು ಕೈ ಕುಲುಕಿದ್ದರು. ಈಚೆಗೆ ಅವನು ನಡೆಯುವುದನ್ನೇ ಸುಮ್ಮನೆ ನೋಡುತ್ತಾರಂತೆ. ಏನೂ ಕೇಳುವುದಿಲ್ಲವಂತೆ.

"ಗೊತ್ತಾದ್ರೆ ಕೆಲ್ಸ ಓಯ್ತದೆ. ಮಕ್ಳವ್ರೆ," ಅಂದ. ಆಮೇಲೆ, "ನೀನು ಆಡ್ತಿದ್ದಂಗೆ ಆಡಾದ್ನ ನಂಗೆ ಯೋಳ್ಕೊಡ್ಲಾ," ಅಂದ.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಬೇಡ ಅನ್ನುತ್ತಾಳೆ, ಅದನ್ನೇ ನೆಪ ಮಾಡಿಕೊಳ್ಳೋಣ ಅಂದುಕೊಂಡು ನಾನು ಅವಳ ಕಡೆ ನೋಡಿದೆ. ಅವಳು ಒಳಗೆ ಹೋಗಿ ಇನ್ನೊಂದು ಮುದ್ದೆ ತಿರುವಿದಳು.

ಒಂದು ತಿಂಗಳು, ಪ್ರತಿ ಬೆಳಿಗ್ಗೆ, ಡೈರಿಗೆ ಹಾಲು ಹಾಕಿ ಮೊದಲ ಬಸ್ಸಿಗೆ ಗಂಜಾಂಗೆ ಹೋದೆ. ನಿಮಿಷಾಂಬ ಗುಡಿಯಿಂದ ಒಂದಷ್ಟು ಕೆಳಗೆ, ಹೊಳೆಯ ಮರಳಿನಲ್ಲಿ ಅವನು ಪ್ಯಾಂಟು ಬಿಚ್ಚಿ ಚಡ್ಡಿಯಲ್ಲಿ ನಿಂತಿರುತ್ತಿದ್ದ. ಬೀಳುವವನಿಗೆ ಮರಳೇ ಮೇಲು. ಬಿದ್ದ, ಬಿದ್ದ, ಇನ್ನೂರು ಸಲ ಬಿದ್ದ. ಉಸಿರು ಹಿಡಿಯುವುದು, ಬೆನ್ನು ತಿರುಗಿಸುವುದು, ಕಣ್ಣಿನಲ್ಲಿ ನೋಡದೆ ಬೆನ್ನಿನಲ್ಲಿ ನೋಡುವುದು ಎಲ್ಲವನ್ನೂ ಹೇಳಿಕೊಟ್ಟೆ. ಬಾಯಿಗೆ ಬಂದ ಹಾಗೆ ಬೈದೆ. ಒಂದು ದಿನ ಕೋಪಕ್ಕೆ ಅವನ ಹೆಸರು ಹಿಡಿದು ಬೈಯಲು ಹೋಗಿ, ಆ ಹೆಸರು ಬಾಯಲ್ಲಿ ಬಂದ ಕೂಡಲೇ ನನ್ನನ್ನೇ ಬೈದುಕೊಂಡ ಹಾಗಾಗಿ ನಿಂತುಬಿಟ್ಟೆ. ಅವನು ಮರಳಿನಲ್ಲಿ ಕೂತು ನನ್ನನ್ನು ನೋಡಿದ. ಇಬ್ಬರಿಗೂ ನಗು ಬಂತು, ನಕ್ಕ ಮೇಲೆ ಇಬ್ಬರಿಗೂ ಬೇಜಾರಾಯಿತು.

ಎಡಗಾಲು ಮಾತ್ರ ಅವನಿಗೆ ಒಲಿಯಲಿಲ್ಲ. ಬೀಸಿದರೆ ಅರ್ಧದಲ್ಲೇ ನಿಲ್ಲುತ್ತಿತ್ತು. ಬಲಗಾಲಾದರೆ ಸುಮಾರಾಗಿ ಬರುತ್ತಿತ್ತು. ಯಾವ ಕಾಲಾದರೇನು, ಅಷ್ಟು ವರ್ಷದ ಹಿಂದಿನದು ಯಾರಿಗೆ ನೆನಪಿರುತ್ತದೆ ಅಂತ ಇಬ್ಬರೂ ಒಪ್ಪಿ ಬಲಗಾಲಿಗೇ ಬಂದೆವು. ಆ ತಿಂಗಳು ನಾನು ಸುಖವಾಗಿದ್ದೆ ಅಂತ ಬರೆಯಲು ನಾಚಿಕೆಯಾಗುತ್ತದೆ. ಆದರೆ ಸುಖವಾಗಿದ್ದೆ. ನನ್ನ ಮಂಡಿಯೊಳಗೆ ಸತ್ತುಹೋದದ್ದು ಇನ್ನೊಬ್ಬನ ಕಾಲಿನಲ್ಲಿ ಚೂರುಪಾರು ಅಲ್ಲಾಡುವುದನ್ನು ನೋಡಲು ಬಸ್ಸಿಗಾಗಿ ಓಡುತ್ತಿದ್ದೆ. ಜೊತೆಗೇ, ಇವನು ಸಿಕ್ಕಿಬೀಳಲಿ ಅಂತಲೂ ಒಳಗೊಳಗೆ ಅನ್ನಿಸುತ್ತಿತ್ತು. ಎರಡೂ ಒಂದೇ ದಿನ, ಒಂದೇ ಬಸ್ಸಿನಲ್ಲಿ ಅನ್ನಿಸುತ್ತಿತ್ತು.

ಪಂದ್ಯದ ದಿನ ಶ್ರೀರಂಗಪಟ್ಟಣದ ಬಯಲಿಗೆ ಹನ್ನೊಂದು ಗಂಟೆಗೆ ಹೋದೆ. ಶಾಮಿಯಾನದ ಕೆಳಗೆ ಕುರ್ಚಿಗಳು. ನಾನು ಆಟಗಾರನ ಕಡೆಯವನು ಅಂತ ಹೇಳಿದ್ದಕ್ಕೆ ಮುಂದಿನ ಸಾಲಿನಲ್ಲೇ ಕೂರಿಸಿದರು. ಪಕ್ಕದ ಕುರ್ಚಿಗೆ ತೆಳ್ಳಗಿನ ಒಬ್ಬರು ಬಂದು ಕೂತರು. ಜನ ಎದ್ದು ಕೈಮುಗಿದದ್ದರಿಂದ ಸಾಹೇಬರು ಇವರೇ ಅಂತ ಗೊತ್ತಾಯಿತು. ಅವರು ನನ್ನನ್ನು ಒಮ್ಮೆ ನೋಡಿ, ನಕ್ಕು, ಆಟದ ಕಡೆ ತಿರುಗಿದರು. ಬೋಳುತಲೆ, ಹೊಟ್ಟೆ, ಹಾಲಿನ ವಾಸನೆಯ ಅಂಗಿ. ಗುರುತು ಹಿಡಿಯಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

ಮೈಕಿನಲ್ಲಿ ಆ ಹೆಸರು ಕೂಗಿದಾಗ ನನ್ನ ಕಾಲು ತಾನಾಗಿ ಬಿಗಿಯಿತು. ಅವನು ಗೆರೆ ದಾಟಿದ. ಉಸಿರು ಸರಿಯಾಗಿತ್ತು. ತಿರುಗಿದ, ಬೆನ್ನು ಕೊಟ್ಟ, ಬಲಗಾಲು ಬೀಸಿದ. ಯಾರಿಗೂ ತಾಗಲಿಲ್ಲ, ಆದರೂ ಸಿಗದೆ ವಾಪಸು ಬಂದ. ಎರಡನೇ ಸಲ ಹೋದಾಗ ಕಾಲು ಹಿಡಿದು ಕೆಡವಿದರು. ಅಂಕಣದ ಮಧ್ಯೆ ಮೂವರ ಕೆಳಗೆ ಬಿದ್ದುಕೊಂಡು ಗೆರೆಯ ಕಡೆ ಕೈ ಚಾಚುತ್ತಿದ್ದ. ಗೆರೆ ದೂರವಿತ್ತು.

ಸಾಹೇಬರು ನನ್ನ ಕಡೆ ವಾಲಿದರು. ನೀವು ಅವರ ಊರಿನವರಾ ಅಂತ ಮೆಲ್ಲಗೆ ಕೇಳಿದರು. ಪರಿಚಯ ಅಂದೆ. ಬಹಳ ವರ್ಷದ ಪರಿಚಯವಾ ಅಂದರು. ಹೌದು ಅಂದೆ. ಆಮೇಲೆ ಅವರು ದನಿ ಇನ್ನೂ ತಗ್ಗಿಸಿದರು.

"ಒಂದು ಮಾತು ಕೇಳ್ತೀನಿ, ನಿಜ ಹೇಳಿ. ಅವತ್ತು ನಾಗಮಂಗಲದಲ್ಲಿ ಆಡಿದವನು ಎಡಗಾಲಲ್ಲಿ ಒದೀತಿದ್ದ. ನನಗೆ ಚೆನ್ನಾಗಿ ನೆನಪಿದೆ. ಅದು ಇವರೇನಾ?"

ಇಷ್ಟು ವರ್ಷದಲ್ಲಿ ನನ್ನ ಕಾಲನ್ನು ನೆನಪಿಟ್ಟುಕೊಂಡಿದ್ದ ಮನುಷ್ಯ ಇವರೊಬ್ಬರೇ. ಅಲ್ಲ ಸಾ, ಅದು ನಾನು ಅನ್ನುವ ಮಾತು ಬಾಯಿಗೆ ಬಂದಿತ್ತು. ಅಷ್ಟು ಹೇಳಿದರೆ ನನ್ನ ಆಟ ನನಗೆ ವಾಪಸು ಬರುತ್ತಿತ್ತು, ಅವನ ಕೆಲಸ ಹೋಗುತ್ತಿತ್ತು. ಅವನು ಎದ್ದು ಮೈಯ ಧೂಳು ಕೊಡವಿಕೊಳ್ಳುತ್ತಾ ಗೆರೆಯಾಚೆ ಹೋಗಿ ಕೂತ. ಆ ಜಾಗದಲ್ಲಿ ಅವನು ಕೂರುವುದನ್ನು ನಾನು ನಾಲ್ಕು ವರ್ಷ ನೋಡಿದ್ದೆ.

"ಇವ್ನೇ ಸಾ," ಅಂದೆ. "ಆಮ್ಯಾಕೆ ಎಡಗಾಲ್ ಮಂಡಿ ಓಯ್ತು. ಅದ್ಕೇ ಬಲಗಾಲು."

ಸಾಹೇಬರು ಬಹಳ ಹೊತ್ತು ತಲೆಯಾಡಿಸಿದರು. ಅವರ ಮುಖದಲ್ಲಿದ್ದ ಅನುಮಾನ ಕರಗಿ ಮರುಕ ಬಂತು. ಅಂಥ ಆಟಗಾರನಿಗೆ ಹೀಗಾಗಬಾರದಿತ್ತು ಅಂದರು. ಇನ್ನು ಮೇಲೆ ಅವರನ್ನು ಆಡಿಸುವುದಿಲ್ಲ, ತಂಡ ನೋಡಿಕೊಳ್ಳಲಿ ಸಾಕು ಅಂದರು. ಆಮೇಲೆ, ಅವತ್ತಿನ ಆಟ ನೀವೂ ನೋಡಿದ್ದಿರಾ ಅಂತ ಕೇಳಿದರು.

ಯೋಚಿಸಿದರೆ ನಾನು ಅದನ್ನು ನೋಡಿರಲಿಲ್ಲ. ಉಸಿರು, ಧೂಳು, ಸೊಂಟಕ್ಕೆ ಬಿದ್ದ ಕೈ ಬಿಟ್ಟರೆ ನನ್ನ ಹತ್ತಿರ ಅದರದು ಏನೂ ಇರಲಿಲ್ಲ.

"ಇಲ್ಲ ಸಾ, ನಾ ನೋಡ್ನಿಲ್ಲ," ಅಂದೆ. "ಎಂಗಾಡ್ದ, ಯೋಳಿ ಸಾ."

ಅವರು ಹುಮ್ಮಸ್ಸಿನಿಂದ ಕುರ್ಚಿಯ ತುದಿಗೆ ಸರಿದರು. ತಾವು ಲಾರಿಯ ಮೇಲೆ ಹತ್ತಿ ಕೂತಿದ್ದದ್ದು, ಆ ಕಡೆ ನಾಲ್ವರು ಇದ್ದದ್ದು, ಅವನು ಸೋತವನ ಹಾಗೆ ತಲೆ ತಗ್ಗಿಸಿ ವಾಪಸು ಹೊರಟದ್ದು, ಜನ ಛೆ ಅಂದದ್ದು ಎಲ್ಲವನ್ನೂ ಹೇಳಿದರು. ಮೊದಲ ಒದೆ ಮೂಲೆಯವನಿಗೆ ತಾಗಿತಂತೆ. ಎರಡನೆಯವನು ಸೊಂಟ ಹಿಡಿದನಂತೆ, ಅವನನ್ನು ಎಳೆದುಕೊಂಡೇ ಬಂದನಂತೆ, ಉಳಿದಿಬ್ಬರು ಮೇಲೆ ಬಿದ್ದರಂತೆ. ಆ ರಾಶಿಯ ಕೆಳಗಿನಿಂದ ಒಂದು ಬೆರಳು ಮಾತ್ರ ಹೊರಗೆ ಬಂದು ಗೆರೆ ಮುಟ್ಟಿತಂತೆ. ಹೇಳುತ್ತಾ ಹೇಳುತ್ತಾ ಸಾಹೇಬರು ಬೂಟು ಹಾಕಿದ ತಮ್ಮ ಎಡಗಾಲನ್ನು ಕುರ್ಚಿಯ ಕೆಳಗಿಂದ ಹಿಂದಕ್ಕೆ ಬೀಸಿ ತೋರಿಸಿದರು. ಸರಿಯಾಗಿತ್ತು, ಹಾಗೇ.

ಎದುರಿಗೆ ಪಂದ್ಯ ನಡೆಯುತ್ತಲೇ ಇತ್ತು, ಯಾರು ಗೆದ್ದರೋ ನಾನು ಗಮನಿಸಲಿಲ್ಲ. ನನ್ನ ಕಣ್ಣು ತುಂಬಿದ್ದನ್ನು ಅವರು ಗೆಳೆಯನ ಮೇಲಿನ ಪ್ರೀತಿ ಅಂದುಕೊಂಡಿರಬೇಕು, ಹೆಗಲ ಮೇಲೆ ಕೈಯಿಟ್ಟರು. ಅವರು ಹೇಳಿ ಮುಗಿಸಿದಾಗ ನಾನು, ಇನ್ನೊಂದು ಸಲ ಹೇಳಿ ಸಾ ಅಂತ ಕೇಳಿದೆ.